ಗ್ರಾಮಸಭೆಯ ಕೈಗೆ ಎಷ್ಟು ರೂಪಾಯಿ?

ಎರೆನಾಡಿನ ಯಾವ ಊರಿನ ಗ್ರಾಮಸಭೆಗೆ ಹೋದರೂ ಬೇಡಿಕೆಗಳು ಹೆಚ್ಚುಕಡಿಮೆ ಒಂದೇ. ಗಟಾರ ಕಟ್ಟಿಕೊಂಡಿದೆ, ಬೀದಿದೀಪ ಉರಿಯುತ್ತಿಲ್ಲ, ನಳಕ್ಕೆ ನೀರು ಬಂದು ವಾರವಾಯಿತು, ಮಳೆ ಹಿಡಿದರೆ ಹೊಲದ ದಾರಿಯಲ್ಲಿ ಚಕ್ಕಡಿಯೂ ಹೋಗುವುದಿಲ್ಲ. ಗದಗ ತಾಲ್ಲೂಕಿನ ಕುರ್ತಕೋಟಿಯಿಂದ ಹಿಡಿದು ಮುಂಡರಗಿಯ ಹೊಳೆದಂಡೆಯ ಹಳ್ಳಿಗಳವರೆಗೆ ಇದೇ ಮಾತು. ಪಂಚಾಯ್ತಿಯವರ ಉತ್ತರವೂ ಊರಿಂದೂರಿಗೆ ಅಷ್ಟಾಗಿ ಬೇರೆಯಾಗುವುದಿಲ್ಲ: "ರೊಕ್ಕ ಐತ್ರಿ, ಆದ್ರ ಇದಕ್ಕ ಹಾಕಾಕ ಬರಂಗಿಲ್ಲ."

ಆ ಉತ್ತರದ ಹಿಂದೆ ನೂರೈವತ್ತು ವರ್ಷಗಳ ವಾದವಿದೆ. ಸರ್ಕಾರದ ಬೊಕ್ಕಸದಲ್ಲಿ ಹಳ್ಳಿಯ ಪಾಲು ಎಷ್ಟು? ಆ ಪಾಲನ್ನು ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯ್ತಿಗಳ ನಡುವೆ ಯಾವ ಲೆಕ್ಕದಲ್ಲಿ ಹಂಚಬೇಕು? ಹಂಚಿದ ಮೇಲೆ ಅದನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವವರು ಯಾರು? ಮೊದಲೆರಡು ಪ್ರಶ್ನೆಗಳ ಮೇಲೆ ಆಯೋಗಗಳು ಸಂಪುಟಗಟ್ಟಲೆ ಬರೆದಿವೆ. ಮೂರನೆಯದಕ್ಕೆ ಸಿಕ್ಕ ಗಮನ ಕಡಿಮೆ. ಹಳ್ಳಿಯ ಮಟ್ಟಿಗೆ ಅದೇ ನಿರ್ಣಾಯಕ ಪ್ರಶ್ನೆ ಎಂಬುದು ನನ್ನ ನಂಬಿಕೆ. ಈ ಸಮೀಕ್ಷೆಯನ್ನು ಅದೇ ನಂಬಿಕೆಯಿಂದ ಬರೆದಿದ್ದೇನೆ.

ಒಂದಾಣೆ ಸೆಸ್ಸಿನ ಕಾಲ

ಈ ಸೀಮೆಯಲ್ಲಿ ಊರಿನ ಕೆಲಸಕ್ಕೆಂದು ಸರ್ಕಾರ ಬೇರೆಯಾಗಿ ಹಣ ತೆಗೆದಿಡತೊಡಗಿದ್ದು ಮುಂಬಯಿ ಪ್ರಾಂತದ ಲೋಕಲ್ ಫಂಡ್ ಮೂಲಕ. ಗದಗ ಆಗ ಧಾರವಾಡ ಜಿಲ್ಲೆಯ ತಾಲ್ಲೂಕು. 1869ರ ಕಾಯ್ದೆಯಂತೆ ರೈತ ಕಟ್ಟುವ ಭೂಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದಾಣೆ ಸೆಸ್ ಬೀಳುತ್ತಿತ್ತು. ವಸೂಲಾದದ್ದರಲ್ಲಿ ಎರಡು ಪಾಲು ರಸ್ತೆ ಮುಂತಾದ ಕೆಲಸಗಳಿಗೆ, ಒಂದು ಪಾಲು ಶಾಲೆಗಳಿಗೆ. ಹಣ ಊರಿನ ಹೊಲಗಳಿಂದಲೇ ಏಳುತ್ತಿತ್ತು, ಖರ್ಚಿನ ನಿರ್ಧಾರ ಮಾತ್ರ ಜಿಲ್ಲಾ ಕಲೆಕ್ಟರರ ಕಚೇರಿಯಲ್ಲಿ ಆಗುತ್ತಿತ್ತು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಆಡಳಿತದ ನಿರ್ಣಯ ಹೊರಡಿಸಿದರು. ಅದರ ಹಿಂದೆಯೇ 1884ರಲ್ಲಿ ಮುಂಬಯಿ ಲೋಕಲ್ ಬೋರ್ಡ್ ಕಾಯ್ದೆ ಬಂತು. ಜಿಲ್ಲೆ ಮತ್ತು ತಾಲ್ಲೂಕು ಬೋರ್ಡುಗಳಲ್ಲಿ ಸ್ಥಳೀಯರಿಗೆ ಜಾಗ ಸಿಕ್ಕಿತು, ಊರಿನ ಮಟ್ಟಕ್ಕೆ ಅಧಿಕಾರ ಇಳಿಯಲಿಲ್ಲ. ಗ್ರಾಮ ಪಂಚಾಯ್ತಿ ಕಾನೂನಿನೊಳಗೆ ಬಂದದ್ದು 1920ರ ಕಾಯ್ದೆಯಿಂದ. 1933ರ ಕಾಯ್ದೆ ಅದನ್ನು ಇನ್ನಷ್ಟು ಗಟ್ಟಿ ಮಾಡಿತು.

ಇಂದಿನ ಗದಗ ಜಿಲ್ಲೆಯ ನಕಾಶೆ ನೋಡುವವರಿಗೆ ಒಂದು ಸಂಗತಿ ಸುಲಭವಾಗಿ ಮರೆತುಹೋಗುತ್ತದೆ. ಆ ಕಾಲದಲ್ಲಿ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನಕ್ಕೆ. ಮುಂಡರಗಿಯ ಪೂರ್ವಕ್ಕೆ ಕೊಪ್ಪಳದ ಕಡೆ ಹೋದರೆ ನಿಜಾಮನ ಆಡಳಿತ. ಒಂದೇ ಸಂತೆಗೆ ಬರುತ್ತಿದ್ದ ಊರುಗಳು ಬೇರೆ ಬೇರೆ ಖಜಾನೆಗಳ ಕೆಳಗಿದ್ದವು. ಯಾವ ಊರಿಗೆ ಶಾಲೆ ಮೊದಲು ಬಂತು, ಯಾವುದಕ್ಕೆ ರಸ್ತೆ ತಡವಾಯಿತು ಎಂಬುದರಲ್ಲಿ ಈ ಹಳೆಯ ಗಡಿಗಳ ಪಾತ್ರ ಸಣ್ಣದಲ್ಲ. ಹಿಂದುಳಿದಿರುವಿಕೆಯ ಕುರಿತು ಇಂದು ನಡೆಯುವ ವಾದದ ಬೇರು ಅಲ್ಲಿದೆ.

ಸರ್ಕಾರದ ಹಣಕ್ಕೆ ಕಾಯದೆ ಊರೇ ಹಣ ಕೂಡಿಸಿದ ಉದಾಹರಣೆಯೂ ಇದೇ ನೆಲದ್ದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಕರ್ನಾಟಕದ ಸಹಕಾರಿ ಚಳವಳಿಯ ಇತಿಹಾಸ ಬರೆಯುವವರು ಆ ಊರಿನಿಂದಲೇ ಶುರುಮಾಡುತ್ತಾರೆ. ಸಹಕಾರಿ ಸಂಘವೂ ಪಂಚಾಯ್ತಿಯೂ ಒಂದೇ ಅಲ್ಲ ನಿಜ. ಆದರೂ ಹಳ್ಳಿಗರಿಗೆ ಲೆಕ್ಕ ಇಡಲು ಬರುವುದಿಲ್ಲ, ಹಣ ಅವರ ಕೈಗೆ ಕೊಡಬಾರದು ಎಂದು ವಾದಿಸುವವರು ಕಣಗಿನಹಾಳವನ್ನು ದಾಟಿ ಹೋಗಬೇಕಾಗುತ್ತದೆ.

ಏಕೀಕರಣದ ನಂತರ 1959ರ ಗ್ರಾಮ ಪಂಚಾಯ್ತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ ಹಳೆಯ ಮೈಸೂರಿಗೂ ಮುಂಬಯಿ ಕರ್ನಾಟಕಕ್ಕೂ ಒಂದೇ ಚೌಕಟ್ಟು ಕೊಟ್ಟಿತು. ನಿಜವಾದ ತಿರುವು ಬಂದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಅಬ್ದುಲ್ ನಜೀರ್ ಸಾಬ್ ಪಂಚಾಯತ್ ರಾಜ್ ಸಚಿವರು. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತುಗಳಿಗೆ ಇಲಾಖೆಗಳೂ ಸಿಬ್ಬಂದಿಯೂ ಹಣವೂ ಒಟ್ಟಿಗೆ ಹೋದವು. ಜಿಲ್ಲಾ ವಲಯದ ಹಣವನ್ನು ಜಿಲ್ಲೆವಾರು ಬಿಡಿಸಿ ತೋರಿಸುವ ಬಜೆಟ್ಟಿನ ಅನುಬಂಧ, ಅಂದರೆ ಈಗಲೂ ಕಚೇರಿಗಳಲ್ಲಿ ಓಡಾಡುವ 'ಲಿಂಕ್ ಡಾಕ್ಯುಮೆಂಟ್', ಆ ಪ್ರಯೋಗದ ಫಲ. 1993ರ ಏಪ್ರಿಲ್ 24ರಂದು ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂತು. ಮರುತಿಂಗಳೇ ಕರ್ನಾಟಕದ ಹೊಸ ಪಂಚಾಯತ್ ರಾಜ್ ಕಾಯ್ದೆಯೂ ಜಾರಿಯಾಯಿತು. ರಾಜ್ಯಗಳು ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ನೇಮಿಸಬೇಕೆಂದು 243-ಐ ವಿಧಿ ಹೇಳಿತು. ಅಲ್ಲಿಂದ ಮುಂದೆ ಹಳ್ಳಿಗೆ ಬರುವ ಹಣ ಕೃಪೆಯ ಮಾತಾಗಿ ಉಳಿಯದೆ ಹಕ್ಕಿನ ಮಾತಾಯಿತು.

ಶೇಕಡಾವಾರಿನ ಲೆಕ್ಕ

ರಾಜ್ಯದ ಮೊದಲ ಹಣಕಾಸು ಆಯೋಗದ ಅಧ್ಯಕ್ಷರು ಅರ್ಥಶಾಸ್ತ್ರಜ್ಞ ಜಿ. ತಿಮ್ಮಯ್ಯ. 1994ರಲ್ಲಿ ರಚನೆಯಾದ ಆ ಆಯೋಗ ರಾಜ್ಯದ ಸಾಲೇತರ ಒಟ್ಟು ಸ್ವಂತ ರಾಜಸ್ವದ ಶೇ 36ನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಬೇಕೆಂದಿತು. ಅದರಲ್ಲಿ ಶೇ 85 ಗ್ರಾಮೀಣ ಸಂಸ್ಥೆಗಳಿಗೆ, ಶೇ 15 ನಗರ ಸಂಸ್ಥೆಗಳಿಗೆ. 2000ದಲ್ಲಿ ರಚನೆಯಾದ ಕೆ.ಪಿ. ಸುರೇಂದ್ರನಾಥ್ ಆಯೋಗ ಪಾಲನ್ನು ಶೇ 40ಕ್ಕೆ ಏರಿಸಿತು. 2006ರ ಎ.ಜಿ. ಕೊಡ್ಗಿ ಆಯೋಗ ಶೇ 33 ಎಂದಿತು. 2015ರ ಸಿ.ಜಿ. ಚಿನ್ನಸ್ವಾಮಿ ಆಯೋಗ ಶೇ 48 ಎಂದಿತು. ಐದನೆಯ ಆಯೋಗ ಸಿ. ನಾರಾಯಣಸ್ವಾಮಿಯವರ ಅಧ್ಯಕ್ಷತೆಯಲ್ಲಿ 2023ರಲ್ಲಿ ರಚನೆಯಾಯಿತು.

ಈ ಅಂಕಿಗಳನ್ನು ಸಾಲಾಗಿ ಇಟ್ಟು ಪಾಲು ಇಳಿಯಿತು, ಏರಿತು ಎನ್ನುವವರು ಎಡವುತ್ತಾರೆ. ಮೊದಲೆರಡು ಆಯೋಗಗಳು ಒಟ್ಟು ರಾಜಸ್ವದ ಮೇಲೆ ಲೆಕ್ಕ ಹಾಕಿದ್ದವು, ಮುಂದಿನವು ನಿವ್ವಳ ರಾಜಸ್ವದ ಮೇಲೆ. ಶೇಕಡಾವಾರು ಯಾವುದರ ಮೇಲೆ ಎಂದು ಕೇಳದೆ ಅದರ ಗಾತ್ರ ತಿಳಿಯುವುದಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಈ ಪಾಲಿನಲ್ಲಿ ಬಹುಭಾಗ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಲೆಕ್ಕದಲ್ಲಿ ಹೋಗುವ ಶಿಕ್ಷಕರ, ಆರೋಗ್ಯ ಸಿಬ್ಬಂದಿಯ ಸಂಬಳ. ಕಾಗದದ ಮೇಲೆ ಪಂಚಾಯ್ತಿಗೆ ಬಂದ ಈ ಹಣದಲ್ಲಿ ಒಂದು ರೂಪಾಯಿಯನ್ನೂ ಬೇರೆ ಕೆಲಸಕ್ಕೆ ತಿರುಗಿಸಲು ಬರುವುದಿಲ್ಲ. ಶಿಕ್ಷಕರ ಸಂಬಳ ಅತ್ಯಗತ್ಯ. ಆದರೆ ಅದನ್ನು ವಿಕೇಂದ್ರೀಕರಣದ ಅಳತೆಯಾಗಿ ತೋರಿಸುವುದನ್ನು ಒಪ್ಪಲಾಗದು.

ಆಯೋಗಗಳ ವರ್ಷಗಳನ್ನೂ ಗಮನಿಸಬೇಕು: 1994, 2000, 2006, 2015, 2023. ಐದು ವರ್ಷಕ್ಕೊಮ್ಮೆ ಎಂಬ ಸಂವಿಧಾನದ ಮಾತು ಒಂದು ಕಡೆ ಒಂಬತ್ತು ವರ್ಷವಾಯಿತು, ಇನ್ನೊಂದು ಕಡೆ ಎಂಟಾಯಿತು. ನಡುವಿನ ಅವಧಿಯಲ್ಲಿ ಹಳೆಯ ಲೆಕ್ಕವನ್ನೇ ಎಳೆದುಕೊಂಡು ಹೋದದ್ದರಿಂದ ನಷ್ಟವಾದದ್ದು ಹಳ್ಳಿಗೆ.

ಎಲ್ಲ ಪಂಚಾಯ್ತಿಗೂ ಸಮ

ಹಂಚಿಕೆಯ ವಿಧಾನಗಳಲ್ಲಿ ಅತ್ಯಂತ ಸರಳವಾದದ್ದು ಸಮಪಾಲು. 1993ರ ಕಾಯ್ದೆಯ 206ನೇ ಪ್ರಕರಣ ಪ್ರತಿ ಗ್ರಾಮ ಪಂಚಾಯ್ತಿಗೂ ವರ್ಷಕ್ಕೆ ಇಷ್ಟು ಎಂದು ಅನುದಾನ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಮೊದಲು ಒಂದು ಲಕ್ಷ ರೂಪಾಯಿ ಇದ್ದದ್ದು ವರ್ಷಗಳು ಕಳೆದಂತೆ ಏರಿತು. 'ಶಾಸನಬದ್ಧ ಅನುದಾನ' ಎಂದು ಎಲ್ಲರೂ ಕರೆಯುವುದು ಇದನ್ನೇ. ಸಮಪಾಲು ಬೇಕೆನ್ನುವ ಪಂಥದವರ ವಾದಕ್ಕೆ ಬಲವಿದೆ: ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಕೈಯಾಡಿಸಲಾಗದು, ಮುಂದಿನ ವರ್ಷ ಎಷ್ಟು ಬರುತ್ತದೆಂದು ಪಂಚಾಯ್ತಿಗೆ ಮೊದಲೇ ಗೊತ್ತಿರುತ್ತದೆ. ಚಿಕ್ಕ ಪಂಚಾಯ್ತಿಯಾದರೂ ಕಚೇರಿ, ಕರ ವಸೂಲಿಗಾರ, ವಾಟರ್‌ಮನ್ ಇರಲೇಬೇಕಲ್ಲವೇ?

ತೊಂದರೆಯೂ ಅಷ್ಟೇ ಸ್ಪಷ್ಟ. ಹತ್ತು ಸಾವಿರ ಜನರ ಒಂದು ಪಂಚಾಯ್ತಿ, ಐದು ಸಾವಿರ ಜನರ ಇನ್ನೊಂದು ಪಂಚಾಯ್ತಿ ಎಂದು ಊಹಿಸಿಕೊಳ್ಳಿ. ಎರಡಕ್ಕೂ ಹತ್ತು ಲಕ್ಷ ಕೊಟ್ಟರೆ ಮೊದಲಿನದರಲ್ಲಿ ತಲೆಗೆ 100 ರೂಪಾಯಿ, ಎರಡನೆಯದರಲ್ಲಿ 200. ದೊಡ್ಡ ಊರಿನವರಿಗೆ ಇದು ಅನ್ಯಾಯವೆನಿಸುತ್ತದೆ. ಪಂಚಾಯ್ತಿಯನ್ನು ಒಡೆದು ಎರಡು ಮಾಡಿ ಎಂಬ ಬೇಡಿಕೆ ಏಳುವುದೂ ಇಲ್ಲಿಂದಲೇ. ಬ್ರೆಜಿಲ್ ದೇಶ ಪುರಸಭೆಗಳಿಗೆ ಜನಸಂಖ್ಯೆಯ ಹಂತಗಳ ಮೇಲೆ ಹಣ ಹಂಚುತ್ತದೆ. ಚಿಕ್ಕ ಪುರಸಭೆಗಳಿಗೆ ತಲಾ ಹೆಚ್ಚು ಸಿಗುವುದರಿಂದ ಅಲ್ಲಿಯೂ ಹೊಸ ಪುರಸಭೆಗಳು ಹುಟ್ಟಿಕೊಂಡವು. ಹಂಚಿಕೆಯ ಲೆಕ್ಕ ಊರಿನ ಗಡಿಯನ್ನೇ ಬದಲಿಸಬಲ್ಲದು.

ತಲೆಗಿಷ್ಟು

ಕೇಂದ್ರ ಹಣಕಾಸು ಆಯೋಗಗಳು ಹಿಡಿದ ದಾರಿ ಜನಸಂಖ್ಯೆಯದು. ಪಂಚಾಯ್ತಿಗಳಿಗೆಂದು ಮೊದಲು ಹಣ ಕೊಟ್ಟ ಹತ್ತನೆಯ ಆಯೋಗ 1971ರ ಜನಗಣತಿಯ ಗ್ರಾಮೀಣ ಜನಸಂಖ್ಯೆಗೆ ತಲಾ 100 ರೂಪಾಯಿ ಎಂದು ಲೆಕ್ಕ ಹಾಕಿತು. ಹನ್ನೊಂದನೆಯ ಆಯೋಗ ವಿಸ್ತೀರ್ಣ, ತಲಾ ಆದಾಯ, ವಿಕೇಂದ್ರೀಕರಣದ ಮಟ್ಟ, ತೆರಿಗೆ ಪ್ರಯತ್ನ ಎಲ್ಲವನ್ನೂ ಸೇರಿಸಿ ಲೆಕ್ಕವನ್ನು ಹೆಚ್ಚು ಸೂಕ್ಷ್ಮ ಮಾಡಲು ನೋಡಿತು. ವೈ.ವಿ. ರೆಡ್ಡಿ ಅಧ್ಯಕ್ಷತೆಯ ಹದಿನಾಲ್ಕನೆಯ ಆಯೋಗ ಮತ್ತೆ ಸರಳತೆಗೆ ಮರಳಿತು. ರಾಜ್ಯಗಳ ನಡುವೆ ಹಂಚಲು 2011ರ ಜನಸಂಖ್ಯೆಗೆ ಶೇ 90, ವಿಸ್ತೀರ್ಣಕ್ಕೆ ಶೇ 10 ತೂಕ. 2015ರಿಂದ 2020ರವರೆಗೆ ಗ್ರಾಮ ಪಂಚಾಯ್ತಿಗಳಿಗೆ 2,00,292 ಕೋಟಿ ರೂಪಾಯಿ ಎಂದು ನಿಗದಿಯಾಯಿತು. ಆ ಹಣ ಮೇಲಿನ ಸ್ತರಗಳಿಗೆ ಹೋಗದೆ ನೇರವಾಗಿ ಗ್ರಾಮ ಪಂಚಾಯ್ತಿಗೇ ಬಂತು. ಎನ್.ಕೆ. ಸಿಂಗ್ ಅಧ್ಯಕ್ಷತೆಯ ಹದಿನೈದನೆಯ ಆಯೋಗ 2021-26ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ ಎಂದಿತು, ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗಳನ್ನು ಮತ್ತೆ ಪಾಲುದಾರರನ್ನಾಗಿಸಿತು.

ತಲೆಲೆಕ್ಕ ನ್ಯಾಯವೆಂದು ತೋರುವುದು ಪ್ರತಿಯೊಬ್ಬರಿಗೂ ಒಂದೇ ಬೆಲೆ ಎಂಬ ಕಾರಣಕ್ಕೆ. ಆದರೆ ಗದಗ ಜಿಲ್ಲೆಯ ನೆಲವನ್ನು ಕಣ್ಣಿಟ್ಟು ನೋಡಿದರೆ ಅದರ ಕೊರತೆ ಕಾಣುತ್ತದೆ. ಎರೆಭೂಮಿಯ ಊರು ಒತ್ತಾಗಿ ಕಟ್ಟಿದ್ದು, ಮನೆಗೆ ಮನೆ ತಾಗಿರುತ್ತದೆ, ಹೊಲಗಳು ಸುತ್ತಲೂ ಇರುತ್ತವೆ. ಒಂದು ಟ್ಯಾಂಕು, ಒಂದು ಪೈಪ್‌ಲೈನು ಬಹಳ ಮನೆಗಳನ್ನು ಮುಟ್ಟುತ್ತದೆ. ಕಪ್ಪತಗುಡ್ಡದ ಸುತ್ತಿನ ತಾಂಡಾಗಳಲ್ಲಿ ಹಾಗಲ್ಲ. ಪ್ರತಿ ತಾಂಡಾಕ್ಕೂ ಬೇರೆ ಬೋರು, ಬೇರೆ ಮೋಟಾರು, ಬೇರೆ ವಿದ್ಯುತ್ ಮೀಟರು ಬೇಕು. ಜನ ಕಡಿಮೆ, ಖರ್ಚು ಹೆಚ್ಚು. ಹಾಗೆಂದು ಎರೆನಾಡಿನ ಊರಿಗೆ ಎಲ್ಲವೂ ಅಗ್ಗ ಎಂದಲ್ಲ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ರಸ್ತೆ, ಅದರೊಳಗೆ ಹೂತ ಪೈಪು, ಅದರಲ್ಲಿ ಕಟ್ಟಿದ ಗಟಾರದ ಗೋಡೆ ಎಲ್ಲವೂ ಆ ಉಬ್ಬರ ತಗ್ಗಿಗೆ ಸಿಕ್ಕಿ ಒಡೆಯುತ್ತವೆ. ಮಸಾರಿ ಮಣ್ಣಿನ ಊರಲ್ಲಿ ಬಾಳುವಷ್ಟು ಕಾಲ ಇಲ್ಲಿ ಬಾಳುವುದಿಲ್ಲ. ಜನಸಂಖ್ಯೆ ಮತ್ತು ವಿಸ್ತೀರ್ಣ ಮಾತ್ರ ನೋಡುವ ಸೂತ್ರಕ್ಕೆ ಮಣ್ಣಿನ ಗುಣ ಕಾಣುವುದೇ ಇಲ್ಲ.

ಇಲ್ಲದವರಿಗೆ ಹೆಚ್ಚು

ಅಗತ್ಯ ಹೆಚ್ಚಿರುವಲ್ಲಿಗೆ ಹೆಚ್ಚು ಹಣ ಎಂಬ ಪಂಥ ಇದಕ್ಕೆ ಉತ್ತರ ಕೊಡಲು ನೋಡುತ್ತದೆ. ಆಸ್ಟ್ರೇಲಿಯಾ 1933ರಲ್ಲಿಯೇ ಅನುದಾನ ಆಯೋಗ ಸ್ಥಾಪಿಸಿ ರಾಜ್ಯಗಳ ನಡುವಿನ ಅಂತರ ತಗ್ಗಿಸುವ ದಾರಿ ಹುಡುಕಿತು. ನಮ್ಮಲ್ಲಿ ತಿಮ್ಮಯ್ಯ ಆಯೋಗ ಜನಸಂಖ್ಯೆ, ವಿಸ್ತೀರ್ಣಗಳ ಜೊತೆಗೆ ಅನಕ್ಷರತೆ, ರಸ್ತೆಯ ಉದ್ದ, ಆಸ್ಪತ್ರೆಯ ಹಾಸಿಗೆಗಳನ್ನೂ ಲೆಕ್ಕಕ್ಕೆ ತಂದಿತು. ಈ ದಾರಿಯಲ್ಲಿ ಕರ್ನಾಟಕ ಇಟ್ಟ ದೊಡ್ಡ ಹೆಜ್ಜೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. ಮೂವತ್ತೈದು ಸೂಚ್ಯಂಕಗಳನ್ನು ಇಟ್ಟುಕೊಂಡು ಅದು 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಮುಂಡರಗಿ ಮತ್ತು ಶಿರಹಟ್ಟಿ ಆ ಪಟ್ಟಿಯಲ್ಲಿದ್ದವು.

ವರದಿಯ ಘನತೆಯ ಬಗ್ಗೆ ಎರಡು ಮಾತಿಲ್ಲ. ಉತ್ತರ ಕರ್ನಾಟಕದ ದೂರನ್ನು ಅಂಕಿಅಂಶದ ಭಾಷೆಯಲ್ಲಿ ಹೇಳಿದ್ದು ಅದೇ. ಪಂಚಾಯ್ತಿಯ ದೃಷ್ಟಿಯಿಂದ ಮಾತ್ರ ಒಂದು ತೊಡಕಿದೆ. ಅದರ ಅಳತೆಯ ಘಟಕ ತಾಲ್ಲೂಕು. ಗದಗ ತಾಲ್ಲೂಕಿನ ಸರಾಸರಿಯಲ್ಲಿ ಗದಗ-ಬೆಟಗೇರಿ ಅವಳಿ ನಗರದ ಆಸ್ಪತ್ರೆಗಳು, ಕಾಲೇಜುಗಳು, ಬ್ಯಾಂಕುಗಳು ಸೇರಿಕೊಳ್ಳುತ್ತವೆ. ಕುರ್ತಕೋಟಿಯ ಬೀದಿಗೆ ಆ ಆಸ್ಪತ್ರೆಗಳಿಂದ ಗಟಾರವಾಗುವುದಿಲ್ಲ. ಮುಂದುವರಿದ ತಾಲ್ಲೂಕಿನ ಹಿಂದುಳಿದ ಊರು, ಹಿಂದುಳಿದ ತಾಲ್ಲೂಕಿನ ಅನುಕೂಲವಂತ ಊರು, ಎರಡನ್ನೂ ಸರಾಸರಿ ನುಂಗಿಬಿಡುತ್ತದೆ.

ಗಡಿಯ ಪ್ರಶ್ನೆ ಇನ್ನೂ ತೀಕ್ಷ್ಣವಾದದ್ದು. ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ಹಿಂದಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಪ್ರತ್ಯೇಕ ಹಣ ಬಂತು. ಶತಮಾನಗಳ ಅನ್ಯಾಯಕ್ಕೆ ಅದು ತಕ್ಕ ಪರಿಹಾರ. ಅದರ ಗೆರೆ ಮುಂಡರಗಿ ತಾಲ್ಲೂಕಿನ ಅಂಚಿನಲ್ಲಿ ಹಾದುಹೋಗುತ್ತದೆ. ಆಚೆ ಕೊಪ್ಪಳ, ಈಚೆ ಗದಗ. ಎರಡೂ ಕಡೆ ಮಳೆ ಅಷ್ಟಕ್ಕಷ್ಟೇ, ಬೋರಿನ ನೀರಿನಲ್ಲಿ ಫ್ಲೋರೈಡ್, ಹಿಂಗಾರಿ ಕೈಕೊಟ್ಟರೆ ಗೋವಾಕ್ಕೋ ಮಂಗಳೂರಿಗೋ ಗುಳೆ. ಮಂಡಳಿಯ ಹಣ ನೇರವಾಗಿ ಪಂಚಾಯ್ತಿಯ ಖಾತೆಗೆ ಬೀಳುವುದಿಲ್ಲ. ಆದರೂ ಆಚೆಯ ಊರಿಗೆ ಶಾಲಾ ಕೊಠಡಿಯೋ ರಸ್ತೆಯೋ ಆ ಹಣದಿಂದ ಬಂದಾಗ, ಈಚೆಯ ಪಂಚಾಯ್ತಿ ಅದೇ ಕೆಲಸಕ್ಕೆ ತನ್ನ ಸಣ್ಣ ಅನುದಾನವನ್ನೇ ನೆಚ್ಚಬೇಕಾಗುತ್ತದೆ. ಗೆರೆ ಎಳೆಯಲೇಬೇಕು, ಎಲ್ಲಿ ಎಳೆದರೂ ಒಂದು ಊರು ಹೊರಗುಳಿಯುತ್ತದೆ ಎಂದು ಆಡಳಿತಗಾರರು ಹೇಳುತ್ತಾರೆ. ಒಪ್ಪೋಣ. ಹಾಗಾದರೆ ಹೊರಗುಳಿದ ಊರನ್ನು ಹಿಡಿಯುವ ಇನ್ನೊಂದು ಬಲೆ ಇರಬೇಕಲ್ಲ? ನಂಜುಂಡಪ್ಪ ವರದಿಯ ಎರಡು ದಶಕಗಳ ನಂತರ, 2024ರಲ್ಲಿ, ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸಮಿತಿ ರಚನೆಯಾಯಿತು. ಅಳತೆ ತಾಲ್ಲೂಕಿಗೆ ನಿಲ್ಲಬೇಕೋ ಪಂಚಾಯ್ತಿಯವರೆಗೆ ಇಳಿಯಬೇಕೋ ಎಂಬ ವಾದ ಮಾತ್ರ ಹಳೆಯದೇ.

ತೆರಿಗೆ ಎತ್ತಿದವರಿಗೆ ಬಹುಮಾನ

ಹಿಂದುಳಿದವರಿಗೆ ಹೆಚ್ಚು ಕೊಡುತ್ತ ಹೋದರೆ ಸ್ವಂತ ತೆರಿಗೆ ಎತ್ತುವ ಆಸಕ್ತಿಯೇ ಉಳಿಯದು ಎಂಬುದು ಮುಂದಿನ ಪಂಥದ ವಾದ. ತಾನು ಕಟ್ಟಿದ ತೆರಿಗೆಯಾದರೆ ಜನ ಲೆಕ್ಕ ಕೇಳುತ್ತಾರೆ, ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಬಂದ ಹಣವಾದರೆ ಕೇಳುವುದಿಲ್ಲ ಎನ್ನುತ್ತಾರೆ ಇವರು. ಅಮೆರಿಕದ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಟೀಬೊ 1956ರಲ್ಲಿ ಮಂಡಿಸಿದ ವಾದ ಇದಕ್ಕೆ ಹತ್ತಿರದ್ದು: ತೆರಿಗೆಗೆ ತಕ್ಕ ಸೇವೆ ಸಿಗದಿದ್ದರೆ ಜನ ಬೇರೆ ಊರಿಗೆ ಹೋಗುತ್ತಾರೆ, ಹಾಗಾಗಿ ಊರುಗಳು ಪೈಪೋಟಿಯಿಂದ ಸುಧಾರಿಸುತ್ತವೆ. ನಮ್ಮ ಕಡೆ ಜನ ಊರು ಬಿಡುವುದು ಕೂಲಿಗಾಗಿ. ಗಟಾರ ಚೆನ್ನಾಗಿರುವ ಪಂಚಾಯ್ತಿಯನ್ನು ಹುಡುಕಿ ಯಾರೂ ಮನೆ ಬದಲಿಸುವುದಿಲ್ಲ.

ಹದಿನಾಲ್ಕನೆಯ ಆಯೋಗ ಗ್ರಾಮ ಪಂಚಾಯ್ತಿಯ ಅನುದಾನದಲ್ಲಿ ಶೇ 10ನ್ನು ಸಾಧನೆಗೆ ಮೀಸಲಿಟ್ಟಿತು. ಲೆಕ್ಕಪರಿಶೋಧನೆ ಆಗಿರಬೇಕು, ಸ್ವಂತ ಆದಾಯ ಏರಿರಬೇಕು ಎಂಬುದು ಷರತ್ತು. ಷರತ್ತಿನಿಂದ ಒಳ್ಳೆಯದೂ ಆಯಿತು: ಲೆಕ್ಕ ಆನ್‌ಲೈನಿಗೆ ಬಂತು, ಮನೆಪಟ್ಟಿ, ನೀರಪಟ್ಟಿಯ ಬಾಕಿಯ ಮೇಲೆ ಕಣ್ಣು ಬಿತ್ತು.

ಆದರೆ ಪಂಚಾಯ್ತಿಗೆ ತೆರಿಗೆ ಹಾಕಲು ಏನಿದೆ ಎಂದು ಮೊದಲು ಕೇಳಬೇಕು. ಕಟ್ಟಡ ಮತ್ತು ಖಾಲಿ ನಿವೇಶನಗಳ ತೆರಿಗೆ, ನೀರಿನ ದರ, ಸಂತೆಯ ಶುಲ್ಕ, ಇನ್ನು ಕೆಲವು ಸಣ್ಣಪುಟ್ಟವು. ಎರೆಹೊಲದ ಬಿಳಿಜೋಳ, ಕಡಲೆ, ಹತ್ತಿ, ಒಣಮೆಣಸಿನಕಾಯಿ, ಉಳ್ಳಾಗಡ್ಡಿ ಊರಿನ ನಿಜವಾದ ಸಂಪತ್ತು. ಆ ಹೊಲದ ಮೇಲೆ ತೆರಿಗೆ ಹಾಕುವ ಅಧಿಕಾರ ಪಂಚಾಯ್ತಿಗಿಲ್ಲ. ಹೆದ್ದಾರಿಯ ಬದಿಯಲ್ಲಿ ಕಾರ್ಖಾನೆ, ಲೇಔಟು ಇರುವ ಬೆಂಗಳೂರು ಸುತ್ತಲಿನ ಪಂಚಾಯ್ತಿಯನ್ನೂ ಹೊಲವೇ ಎಲ್ಲವಾಗಿರುವ ಪಂಚಾಯ್ತಿಯನ್ನೂ ಒಂದೇ ಓಟಕ್ಕೆ ನಿಲ್ಲಿಸಿ ಗೆದ್ದವರಿಗೆ ಬಹುಮಾನ ಕೊಟ್ಟರೆ ಯಾರು ಗೆಲ್ಲುತ್ತಾರೆಂದು ಓಡುವ ಮೊದಲೇ ಗೊತ್ತು. ಗದಗ ಸೀಮೆಯಲ್ಲಿ ಈಚೆಗೆ ಎದ್ದ ಗಾಳಿಯಂತ್ರಗಳು ಹೊಸ ಆದಾಯದ ಆಸೆ ಹುಟ್ಟಿಸಿವೆ. ಆದರೆ ಕಂಬ ನಿಂತ ಪಂಚಾಯ್ತಿಗೆ ಆದಾಯ ಬಂದರೆ, ಅದೇ ಗಾಳಿ ಬೀಸುವ ಪಕ್ಕದ ಊರಿಗೆ ಏನೂ ಬರುವುದಿಲ್ಲ.

ಶಾಸಕರ ಕೈ

ಸೂತ್ರಗಳ ಬಗ್ಗೆ ಬರೆಯುವವರು ಬಿಟ್ಟುಬಿಡುವ ಒಂದು ಸಂಗತಿ ಹಳ್ಳಿಯವರಿಗೆ ಚೆನ್ನಾಗಿ ಗೊತ್ತು. ಊರಿಗೆ ಬರುವ ಹಣದಲ್ಲಿ ದೊಡ್ಡ ಭಾಗ ಸೂತ್ರದ ಹೊರಗೆ, ಶಾಸಕರ ಶಿಫಾರಸಿನ ಮೇಲೆ ಬರುತ್ತದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ, ಕುಡಿಯುವ ನೀರಿಗೆ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಟಾಸ್ಕ್‌ಫೋರ್ಸ್ ಇದೆ, ಇಲಾಖೆಗಳ ವಿಶೇಷ ಅನುದಾನಗಳಿವೆ. ತುರ್ತಿನ ಕೆಲಸ ಬೇಗ ಆಗುತ್ತದೆ ಎಂಬುದು ಇದರ ಪರವಾದ ಮಾತು. ಬರಗಾಲದ ಏಪ್ರಿಲ್‌ನಲ್ಲಿ ಹೊಸ ಬೋರು ಕೊರೆಸಬೇಕಾದಾಗ ಆ ಮಾತನ್ನು ತಳ್ಳಿಹಾಕಲಾಗದು.

ಆದರೆ ತಮಗೆ ಬೇಕಾದ ಊರಿಗೆ ಹೆಚ್ಚು ಕೊಡುವ ಅಪಾಯವೂ ಇದರಲ್ಲಿದೆ, ಅದು ಶಾಸಕರಿಗಷ್ಟೇ ಸೀಮಿತವೂ ಅಲ್ಲ. ಅರ್ಥಶಾಸ್ತ್ರಜ್ಞರಾದ ತಿಮೋಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಮುಂತಾದವರು ದಕ್ಷಿಣದ ನಾಲ್ಕು ರಾಜ್ಯಗಳ ಪಂಚಾಯ್ತಿಗಳನ್ನು ಅಧ್ಯಯನ ಮಾಡಿ, ಪಂಚಾಯ್ತಿಯೊಳಗೇ ಅಧ್ಯಕ್ಷರ ಸ್ವಂತ ಹಳ್ಳಿಗೆ ಹೆಚ್ಚು ಕಾಮಗಾರಿ ಹೋಗುವ ಪ್ರವೃತ್ತಿಯನ್ನು ತೋರಿಸಿದರು. ಹಲವು ಹಳ್ಳಿಗಳನ್ನು ಸೇರಿಸಿ ಒಂದು ಪಂಚಾಯ್ತಿ ಮಾಡುವ ಕರ್ನಾಟಕಕ್ಕೆ ಇದು ಗಂಭೀರ ಮಾತು. ಕೈಗೆ ಬಂದ ಹಣವನ್ನು ತನ್ನವರಿಗೆ ಹಂಚುವ ಆಸೆ ಮೇಲೂ ಇದೆ, ಕೆಳಗೂ ಇದೆ. ವ್ಯತ್ಯಾಸ ಒಂದೇ: ಪಂಚಾಯ್ತಿ ಅಧ್ಯಕ್ಷರನ್ನು ಗ್ರಾಮಸಭೆಯಲ್ಲಿ ಎದುರಿಗೆ ನಿಲ್ಲಿಸಿ ಕೇಳಬಹುದು.

ಮೊದಲೇ ಮುಡಿಪಾದ ರೂಪಾಯಿ

ಈಗ ಮೂರನೆಯ ಪ್ರಶ್ನೆ: ಬಂದ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ಹೇಳುವವರು ಯಾರು? 2021-26ರಲ್ಲಿ ಹದಿನೈದನೆಯ ಆಯೋಗದ ಅನುದಾನದಿಂದ ಪಂಚಾಯ್ತಿಗೆ 100 ರೂಪಾಯಿ ಬಂತೆನ್ನಿ. ಅದರಲ್ಲಿ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ ಕಟ್ಟುನಿಟ್ಟಾಗಿ ಮೀಸಲಾಗಿತ್ತು. ಉಳಿದ 40 ಮುಕ್ತ ಹಣ, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ಅದರೊಳಗೂ ಪರಿಶಿಷ್ಟರ ಕೇರಿಗಳಿಗೆ, ಅಂಗವಿಕಲರಿಗೆ ಪಾಲು ತೆಗೆದಿಡಬೇಕಿತ್ತು. ಈ ಪಾಲು ಇರಲೇಬೇಕು, ಅದಿಲ್ಲದಿದ್ದರೆ ಊರಿನ ಬಲಾಢ್ಯರ ಓಣಿಯ ರಸ್ತೆಗೇ ಎಲ್ಲ ಹಣ ಹೋದೀತು. ರಾಜ್ಯದ ಶಾಸನಬದ್ಧ ಅನುದಾನದ ಕಡೆ ಬಂದರೆ, ಬೀದಿದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಿಲ್ಲಿಗೆಂದು ಅದರ ಒಂದು ಭಾಗ ಎಸ್ಕ್ರೊ ಎಂಬ ಮೀಸಲು ಖಾತೆಗೆ ಹೋಗುತ್ತದೆ. ಈ ಭಾಗದಲ್ಲಿ ಆ ಬಿಲ್ಲು ವಿದ್ಯುತ್ ಕಂಪನಿ ಹೆಸ್ಕಾಂಗೆ ಸೇರಬೇಕಾದದ್ದು. ಮೀಟರು ಸರಿಯಿದೆಯೇ, ಓಡದ ಮೋಟಾರಿಗೂ ಬಿಲ್ಲು ಬಂದಿದೆಯೇ ಎಂದು ಪಂಚಾಯ್ತಿ ಕೇಳುವ ಹೊತ್ತಿಗೆ ಹಣ ದಾಟಿಹೋಗಿರುತ್ತದೆ.

ಹೀಗೆ ಕಳೆಯುತ್ತ ಹೋದರೆ ಗ್ರಾಮಸಭೆ ಕೂತು, ಚರ್ಚಿಸಿ, "ಈ ವರ್ಷ ಇದನ್ನು ಮಾಡೋಣ" ಎಂದು ನಿಜವಾಗಿ ನಿರ್ಧರಿಸಬಲ್ಲ ಹಣ ತೀರ ಸಣ್ಣದಾಗುತ್ತದೆ. ಲೇಖನದ ಮೊದಲಲ್ಲಿ ಹೇಳಿದ ಉತ್ತರ ಪಂಚಾಯ್ತಿಯವರು ನೆಪಕ್ಕೆ ಆಡುವ ಮಾತಲ್ಲ, ಎಷ್ಟೋ ಸಲ ಅದು ನಿಜಸ್ಥಿತಿ. ಮೀಸಲು ಹಾಕುವವರ ಸಮರ್ಥನೆ ಗಟ್ಟಿಯಾಗಿಯೇ ಇದೆ: ನೀರು, ನೈರ್ಮಲ್ಯ ಜೀವದ ಪ್ರಶ್ನೆ. ಬಿಟ್ಟರೆ ಎಲ್ಲವೂ ಕಮಾನು, ಸಮುದಾಯ ಭವನ, ಸಿಮೆಂಟ್ ರಸ್ತೆಗಳಿಗೆ ಹೋಗುತ್ತದೆ. ಆದರೆ ಬಹುಗ್ರಾಮ ಯೋಜನೆಯಿಂದ ನದಿನೀರು ಬರುವ ಊರಿಗೂ ನೀರಿನ ಮೀಸಲು ಅಷ್ಟೇ, ಬೋರನ್ನೇ ನಂಬಿರುವ ತಾಂಡಾಕ್ಕೂ ಅಷ್ಟೇ ಆದಾಗ, ಆ ಮೀಸಲು ಅಗತ್ಯವನ್ನು ಅಳೆಯುತ್ತಿದೆಯೇ?

ಕೇರಳ ಬೇರೆ ದಾರಿ ಹಿಡಿಯಿತು. 1996ರ ಜನತಾ ಯೋಜನೆಯಲ್ಲಿ ಆ ರಾಜ್ಯ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿತು, ಅದರಲ್ಲಿ ಬಹುಪಾಲಿನ ಬಳಕೆಯ ತೀರ್ಮಾನ ಅವುಗಳದೇ. ಯಾವ ಪಂಚಾಯ್ತಿಗೆ ಎಷ್ಟು ಎಂದು ರಾಜ್ಯ ಬಜೆಟ್ಟಿನ ನಾಲ್ಕನೆಯ ಅನುಬಂಧದಲ್ಲಿ ಹೆಸರು ಹಿಡಿದು ಮುದ್ರಿಸುತ್ತಾರೆ. ಅಲ್ಲಿಯೂ ಸಣ್ಣ ಸಣ್ಣ ಕಾಮಗಾರಿಗಳಲ್ಲಿ ಹಣ ಚೂರಾಗುತ್ತದೆ ಎಂಬ ಟೀಕೆ ಇದೆ. ಆದರೂ ತನ್ನ ಪಾಲು ಎಷ್ಟೆಂದು ವರ್ಷ ಶುರುವಾಗುವ ಮೊದಲೇ ತಿಳಿದ ಪಂಚಾಯ್ತಿ ಯೋಜನೆ ಮಾಡಬಲ್ಲದು. ಮಾರ್ಚ್ ಕೊನೆಯಲ್ಲಿ ಹಣ ಬಂದು ಖರ್ಚು ಮಾಡಬೇಕಾದ ಪಂಚಾಯ್ತಿಗೆ ಬಿಲ್ಲು ಮಾಡಲಷ್ಟೇ ಹೊತ್ತಿರುತ್ತದೆ. ಕರ್ನಾಟಕದಲ್ಲಿ ಪಂಚಾಯತ್ ರಾಜ್ ಕಾಯ್ದೆಯ ತಿದ್ದುಪಡಿಗೆಂದು ರಚನೆಯಾದ ರಮೇಶ್ ಕುಮಾರ್ ಸಮಿತಿಯ ಶಿಫಾರಸುಗಳು, ಎಚ್.ಕೆ. ಪಾಟೀಲರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಬಂದ ಗ್ರಾಮ ಸ್ವರಾಜ್ ತಿದ್ದುಪಡಿಗಳು ಈ ದಿಕ್ಕಿನಲ್ಲಿ ಮುಖ ಮಾಡಿದ್ದವು. ಗದಗ ಬಳಿಯ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವೂ ಅದೇ ಕಾಲದಲ್ಲಿ ಹುಟ್ಟಿತು. ಕಾನೂನು ಬಂದಷ್ಟು ಬೇಗ ಮುಕ್ತ ಹಣ ಬರಲಿಲ್ಲ.

ಉದ್ಯೋಗ ಖಾತ್ರಿಯ ಹಣ ಈ ಯಾವ ಪಂಥಕ್ಕೂ ಸೇರದೆ ನಿಂತಿತ್ತು. ಎಷ್ಟು ಜನ ಕೆಲಸ ಕೇಳುತ್ತಾರೋ ಅಷ್ಟು ಹಣ ಎಂಬುದು ಅದರ ತತ್ವ, ಮೇಲಿನಿಂದ ಪಾಲು ಹಾಕುವ ಮಾತೇ ಅಲ್ಲಿರಲಿಲ್ಲ. ಕೃಷಿಹೊಂಡ, ಬದು, ಕೆರೆ ಹೂಳು ಇವೆಲ್ಲ ಅದರಲ್ಲಿ ಆದವು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆ ತಂದಿತು. ಕೆಲಸದ ದಿನಗಳು 125ಕ್ಕೆ ಏರಿದವು, ಜೊತೆಗೆ ರಾಜ್ಯವಾರು ಹಣವನ್ನು ಕೇಂದ್ರವೇ ಮೊದಲು ನಿಗದಿಪಡಿಸುವ ಕ್ರಮವೂ ಬಂತು. ಬೇಡಿಕೆಯ ಮೇಲೆ ಹರಿಯುತ್ತಿದ್ದ ಒಂದೇ ಒಂದು ದೊಡ್ಡ ಹಣವೂ ಹೀಗೆ ಹಂಚಿಕೆಯ ಸೂತ್ರದೊಳಗೆ ಬಂತು.

ಇನ್ನೂ ಇತ್ಯರ್ಥವಾಗದ್ದು

ಯಾವ ಜನಗಣತಿಯ ಲೆಕ್ಕ ಎಂಬುದೇ ಮೊದಲ ಪ್ರಶ್ನೆ. 2021ರ ಗಣತಿ ನಡೆಯಲಿಲ್ಲ, 2011ರ ತಲೆಗಳ ಮೇಲೆಯೇ ಹಂಚಿಕೆ ಸಾಗಿತು. ಗುಳೆ ಹೋದವರನ್ನು ಎಲ್ಲಿಯವರೆಂದು ಎಣಿಸಬೇಕು? ಅವರ ಮನೆ, ಮುದುಕರು, ಮಕ್ಕಳು ಊರಲ್ಲಿದ್ದಾರೆ, ಆ ಖರ್ಚು ಊರಿನದು. 2027ರ ಗಣತಿಯ ಅಂಕಿಗಳು ಬಂದಾಗ ಬೆಂಗಳೂರಿನ ಸುತ್ತಲಿನ ಪಂಚಾಯ್ತಿಗಳ ಪಾಲು ಹಿಗ್ಗಿ ಎರೆನಾಡಿನ ಪಾಲು ಕುಗ್ಗಿದರೆ ಅದನ್ನು ನ್ಯಾಯವೆನ್ನಬೇಕೇ?

ಮೇಲಿನ ಎರಡು ಸ್ತರಗಳ ಸ್ಥಿತಿ ಎರಡನೆಯದು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತ ಸಂಸ್ಥೆ ಇಲ್ಲದಿದ್ದರೆ ಕೇಂದ್ರ ಆಯೋಗದ ಅನುದಾನವೂ ಇಲ್ಲ. ಚುನಾವಣೆ ನಡೆಸದ ತಪ್ಪು ಸರ್ಕಾರಗಳದು, ನಷ್ಟ ಜಿಲ್ಲೆಯ ಜನರದು. ಶಿಕ್ಷೆ ಬೀಳಬೇಕಾದವರ ಮೇಲೆ ಬೀಳುವ ಷರತ್ತನ್ನು ಹೇಗೆ ಬರೆಯಬೇಕು ಎಂಬುದಕ್ಕೆ ಈವರೆಗೆ ಯಾವ ಆಯೋಗವೂ ಉತ್ತರ ಕೊಟ್ಟಿಲ್ಲ.

ಮಣ್ಣು, ತಾಂಡಾಗಳ ಚದುರುವಿಕೆ, ನೀರಿನ ಆಳ, ನೀರಿನಲ್ಲಿಯ ಫ್ಲೋರೈಡ್ ಇವನ್ನು ಪಂಚಾಯ್ತಿ ಮಟ್ಟದಲ್ಲಿ ಅಳೆದು ಸೂತ್ರಕ್ಕೆ ಸೇರಿಸಲು ಸಾಧ್ಯವೇ, ಸೇರಿಸಿದರೆ ಸೂತ್ರ ಹಳ್ಳಿಯವರಿಗೆ ಅರ್ಥವಾಗದಷ್ಟು ತೊಡಕಾಗುವುದೇ ಎಂಬುದು ಮೂರನೆಯದು. ಇಲ್ಲಿ ನ್ಯಾಯಕ್ಕೂ ಸರಳತೆಗೂ ನಿಜವಾದ ಜಗ್ಗಾಟವಿದೆ, ಎರಡನ್ನೂ ಪೂರ್ತಿ ಪಡೆದ ದೇಶವನ್ನು ನಾನು ಕಂಡಿಲ್ಲ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅರವಿಂದ ಪನಗಾರಿಯಾ ಅಧ್ಯಕ್ಷತೆಯ ಹದಿನಾರನೆಯ ಆಯೋಗದ ಅವಧಿ 2026ರಿಂದ 2031ರವರೆಗೆ. ರಾಜ್ಯದ ಐದನೆಯ ಆಯೋಗದ ಶಿಫಾರಸುಗಳೂ ಇದೇ ವರ್ಷಗಳಲ್ಲಿ ಜಾರಿಯಾಗಬೇಕು. ಈ ಐದು ವರ್ಷಗಳಲ್ಲಿ ಪಂಚಾಯ್ತಿಗೆ ಬರುವ ಪ್ರತಿ ನೂರು ರೂಪಾಯಿಯಲ್ಲಿ ಗ್ರಾಮಸಭೆಯ ನಿರ್ಧಾರಕ್ಕೆ ಇಷ್ಟು ಎಂದು ಒಂದು ಕನಿಷ್ಠ ಪಾಲನ್ನು ಕಾನೂನಿನಲ್ಲಿ ಬರೆಯಬೇಕೇ, ಬರೆದರೆ ಅದು 40 ಆಗಬೇಕೇ 60 ಆಗಬೇಕೇ, ಆ ಹಣ ದುರುಪಯೋಗವಾದರೆ ತಡೆಯುವ ಕೆಲಸ ಊರವರೆದುರು ಪಂಚಾಯ್ತಿಯ ಲೆಕ್ಕ ಪರಿಶೀಲಿಸುವ ಜಮಾಬಂದಿಯದೋ ಜಿಲ್ಲಾ ಕಚೇರಿಯದೋ? ಈ ಅಂಕಿಯ ಮೇಲೆ ಈವರೆಗೆ ಗಂಭೀರವಾದ ವಾದವೇ ಶುರುವಾಗಿಲ್ಲ.